ಭಿತ್ತಿಗೆ ಮುನ್ನಿನ ರೇಖೆ: ಜಿನಾಲಯದ ಗೋಡೆಗಳೂ ಚಿತ್ರಕಾರನ ಪೂರ್ವಸಿದ್ಧತೆಯೂ

ಮುಶಿಗೇರಿಯ ಸುತ್ತಣ ಸೀಮೆ ಕಲ್ಲಿನ ಕೆಲಸಕ್ಕೆ ಹೆಸರಾದುದು. ಒಂದು ಕಡೆ ಗಜೇಂದ್ರಗಡದ ಗುಡ್ಡ, ಅಕ್ಕಾದೇವಿಯ ಸೂಡಿ. ಇನ್ನೊಂದು ಕಡೆ ಬಾದಾಮಿ, ಪಟ್ಟದಕಲ್ಲು, ಐಹೊಳೆ. ದಕ್ಷಿಣಕ್ಕೆ ನಡೆದರೆ ಲಕ್ಕುಂಡಿ. ಇಲ್ಲಿ ಹುಟ್ಟಿ ಬೆಳೆದವರಿಗೆ ಕಂಬ, ಕಪೋತ, ಮಕರತೋರಣಗಳು ಹೊಸವಲ್ಲ. ಶಾಸನಗಳು ದಾನಿಯ ಹೆಸರನ್ನು ಹೇಳುತ್ತವೆ, ಪ್ರತಿಗ್ರಹಿಸಿದ ಆಚಾರ್ಯರ ಗುರುಪರಂಪರೆಯನ್ನು ಹೇಳುತ್ತವೆ, ಎಷ್ಟೋ ವೇಳೆ ಕಂಡರಿಸಿದ ರೂವಾರಿಯ ಹೆಸರನ್ನೂ ಹೇಳುತ್ತವೆ. ಆದರೆ ಆ ಕಲ್ಲಿನ ಮೇಲೆ ಗಾರೆ ಬಳಿದು, ಬಣ್ಣವಿಟ್ಟು, ದೇಗುಲವನ್ನು ಬೆಳಗಿದ ಚಿತ್ರಕಾರನ ಹೆಸರು ನಮಗೆ ದೊರೆಯುವುದು ತೀರ ವಿರಳ. ಬಣ್ಣ ಅಳಿಯಿತು, ಹೆಸರೂ ಅದರೊಡನೆ ಹೋಯಿತು. ಗೋಡೆಗೆ ಕೈಯಿಡುವ ಮೊದಲು ಅವನು ಮಾಡಿಕೊಂಡ ಸಿದ್ಧತೆ, ಬರೆದ ಕರಡು ರೇಖೆ, ಓದಿಸಿ ಕೇಳಿದ ಪುರಾಣ, ಇವಂತೂ ಯಾರ ಕಣ್ಣಿಗೂ ಬೀಳದೆ ಮರೆಯಾದವು. ಆ ಮರೆಯಾದ ಕೆಲಸವೇ ಪ್ರಕೃತ ಲೇಖನದ ವಿಷಯ.

ಬಾದಾಮಿಯಿಂದಲೇ ಆರಂಭಿಸುವುದು ಉಚಿತ. ಅಲ್ಲಿಯ ಮೂರನೆಯ ಗುಹೆಯನ್ನು ಚಾಲುಕ್ಯ ಮಂಗಳೇಶನು ತನ್ನ ಅಣ್ಣ ಕೀರ್ತಿವರ್ಮನ ಆಳಿಕೆಯ 12ನೆಯ ವರ್ಷದಲ್ಲಿ, ಶಕವರ್ಷ 500ರ ಕಾರ್ತಿಕ ಪೌರ್ಣಿಮೆಯಂದು, ಅಂದರೆ ಕ್ರಿ.ಶ. 578ರಲ್ಲಿ, ವಿಷ್ಣುವಿಗೆ ಸಮರ್ಪಿಸಿದನು. ಅದರ ಪಕ್ಕದಲ್ಲಿರುವ ನಾಲ್ಕನೆಯ ಗುಹೆ ಜಿನರದು; ಬಾಹುಬಲಿ, ಪಾರ್ಶ್ವನಾಥರ ಬಿಂಬಗಳಿಂದ ಅದು ನಮ್ಮವರಿಗೆಲ್ಲ ಪರಿಚಿತ. ಮೂರನೆಯ ಗುಹೆಯ ಮುಂಭಾಗದ ಕಪೋತದ ಒಳಮೈಯಲ್ಲಿ ಇಂದಿಗೂ ಬಣ್ಣದ ಕುರುಹುಗಳುಂಟು. ಅರಮನೆಯ ಓಲಗ, ನರ್ತಕಿಯರು, ಆಕಾಶದಲ್ಲಿ ತೇಲುವ ವಿದ್ಯಾಧರ ಮಿಥುನ: ಇಷ್ಟನ್ನು ಗುರುತಿಸಬಹುದು. ಓಲಗದಲ್ಲಿ ಕುಳಿತವನು ಇಂದ್ರನೆಂದು ಕೆಲವರೂ, ಕೀರ್ತಿವರ್ಮನೇ ಎಂದು ಮತ್ತೆ ಕೆಲವರೂ ಅಭಿಪ್ರಾಯಪಟ್ಟಿದ್ದಾರೆ. ಸ್ಟೆಲ್ಲಾ ಕ್ರಾಮ್ರಿಶ್ ಎಂಬ ವಿದುಷಿ 1936ರಲ್ಲಿ ಈ ಚಿತ್ರಗಳನ್ನು ಕುರಿತು ಬರೆದ ಪ್ರಬಂಧದಿಂದ ವಿದ್ವಲ್ಲೋಕದ ಗಮನ ಇವುಗಳ ಕಡೆಗೆ ಹರಿಯಿತು.

ಇವುಗಳ ಪ್ರತಿ ತೆಗೆದವರು ಜಗನ್ನಾಥ ಮುರಲೀಧರ ಅಹಿವಾಸಿ. ಮಥುರೆಯ ಸಮೀಪದ ಬಲದೇವದಲ್ಲಿ 1901ರಲ್ಲಿ ಹುಟ್ಟಿದ ಅವರು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಭಾರತೀಯ ಚಿತ್ರಪದ್ಧತಿಯನ್ನು ಕಲಿಸಿದವರು. ನವದೆಹಲಿಯ ಸಚಿವಾಲಯ ಭವನದ ಗೋಡೆಗಳಿಗೆ ಮುಂಬಯಿಯ ಕಲಾವಿದರು ಚಿತ್ರ ಬರೆದಾಗ ಆ ತಂಡದಲ್ಲಿ ಅವರೂ ಇದ್ದರು. ಹೊಸ ಕಟ್ಟಡದ ಗೋಡೆಯ ಮೇಲೆ ಚಿತ್ರ ಬರೆದ ಕೈಯೇ ಹಳೆಯ ಗುಹೆಯ ಗೋಡೆಯಿಂದ ಚಿತ್ರವನ್ನು ಎತ್ತಿಕೊಂಡಿತು. ಇದು ಆಕಸ್ಮಿಕವೆಂದು ತೋರುವುದಿಲ್ಲ. ದೊಡ್ಡ ಗೋಡೆಯನ್ನು ಚಿತ್ರದಿಂದ ತುಂಬುವುದು ಹೇಗೆ, ಆಕೃತಿಗಳ ಗುಂಪನ್ನು ಒಂದೇ ಓಘದಲ್ಲಿ ಹರಿಯಿಸುವುದು ಹೇಗೆ ಎಂಬುದನ್ನು ಅಂದಿನ ತರುಣ ಕಲಾವಿದರು ಕಲಿಯಬೇಕಾಗಿದ್ದುದು ಅಜಂತಾ, ಬಾದಾಮಿಗಳಂಥ ಎಡೆಗಳಲ್ಲಿಯೇ.

ಪ್ರತಿ ತೆಗೆಯುವುದೆಂದರೆ ಕಂಡುದನ್ನು ಕಂಡ ಹಾಗೆ ನಕಲು ಮಾಡುವ ಸುಲಭ ಕಾರ್ಯವೆಂದು ಜನ ತಿಳಿಯುತ್ತಾರೆ. ಮಾಸಿದ ಗೋಡೆಯ ಮುಂದೆ ನಿಂತವನಿಗೆ ಮಾತ್ರ ಅದರ ಕಷ್ಟ ಗೊತ್ತು. ಯಾವುದು ಬಣ್ಣ, ಯಾವುದು ನೀರಿನ ಕಲೆ, ಯಾವುದು ಬಾವಲಿಯ ಮಲಿನ, ಯಾವುದು ಗಾರೆಯ ಬಿರುಕು, ಎಲ್ಲವನ್ನೂ ಅವನು ಮೊದಲು ಬೇರ್ಪಡಿಸಬೇಕು. ಆಮೇಲೆ ಬಣ್ಣದ ತುಣುಕುಗಳ ನಡುವೆ ಉಳಿದಿರುವ ಗೆರೆಯನ್ನು ಹಿಡಿದು, ಒಂದು ತೋಳು ಎಲ್ಲಿ ತೊಡಗಿ ಎಲ್ಲಿ ಮುಗಿಯಿತೆಂಬುದನ್ನು ನಿರ್ಣಯಿಸಬೇಕು. ಮೂಲ ಚಿತ್ರಕಾರನು ಗೆರೆಯಿಂದ ಬಣ್ಣಕ್ಕೆ ಹೋದನು. ಪ್ರತಿಕಾರನು ಬಣ್ಣದಿಂದ ಗೆರೆಗೆ ಹಿಂದಿರುಗುತ್ತಾನೆ. ಹೀಗೆ ಅವನು ಬರೆದುಕೊಂಡ ಪ್ರತಿಯಲ್ಲಿ, 1400 ವರ್ಷಗಳ ಹಿಂದೆ ಕಳೆದುಹೋದ ಆ ಕರಡು ರೇಖೆಯೇ ಎಷ್ಟೋ ಮಟ್ಟಿಗೆ ಮತ್ತೆ ಕಾಣಿಸಿಕೊಳ್ಳುತ್ತದೆ.

ಆ ಕರಡು ರೇಖೆಯನ್ನು ಹೇಗೆ ಎಳೆಯುತ್ತಿದ್ದರೆಂಬುದಕ್ಕೆ ಕನ್ನಡನಾಡಿನ ದೊರೆಯೊಬ್ಬನೇ ಸಾಕ್ಷಿ ನುಡಿದಿದ್ದಾನೆ. ಕಲ್ಯಾಣ ಚಾಲುಕ್ಯ ಮೂರನೆಯ ಸೋಮೇಶ್ವರನು ಕ್ರಿ.ಶ. 1129ರ ಸುಮಾರಿಗೆ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’. ‘ಅಭಿಲಷಿತಾರ್ಥಚಿಂತಾಮಣಿ’ ಎಂಬುದು ಅದರ ಇನ್ನೊಂದು ಹೆಸರು. ರೋಣ, ಸೂಡಿ, ಲಕ್ಕುಂಡಿಗಳೆಲ್ಲ ಅವನ ಆಳಿಕೆಗೆ ಒಳಪಟ್ಟ ಪ್ರದೇಶಗಳೇ. ತನ್ನನ್ನು ಚಿತ್ರವಿದ್ಯೆಯ ಬ್ರಹ್ಮನೆಂದು ಕರೆದುಕೊಂಡ ಈ ಅರಸನು ಚಿತ್ರಪ್ರಕರಣವನ್ನು ತುಂಬ ವಿವರವಾಗಿ ಬರೆದಿದ್ದಾನೆ. ರಾಜನ ಆತ್ಮಪ್ರಶಂಸೆಯನ್ನು ನಾವು ಸ್ವಲ್ಪ ಕಳೆದು ನೋಡಿದರೂ, ಗೋಡೆಯ ಕೆಲಸವನ್ನು ಹತ್ತಿರ ನಿಂತು ಕಂಡವನ ಬರವಣಿಗೆ ಅದೆಂಬುದರಲ್ಲಿ ಸಂದೇಹವಿಲ್ಲ.

ಅವನು ಹೇಳುವ ಕ್ರಮ ಹೀಗಿದೆ. ಮೊದಲು ಸುಣ್ಣದ ಗಾರೆಯ ಗೋಡೆಯನ್ನು ಬಿರುಕಿಲ್ಲದಂತೆ, ಕನ್ನಡಿಯಂತೆ ನುಣುಪು ಮಾಡಬೇಕು. ಎಮ್ಮೆಯ ಚರ್ಮವನ್ನು ನೀರಿನಲ್ಲಿ ಬೆಣ್ಣೆಯಾಗುವವರೆಗೆ ಕುದಿಸಿ, ಕಡ್ಡಿಗಳಾಗಿ ಒಣಗಿಸಿಟ್ಟುಕೊಂಡ ವಜ್ರಲೇಪವೆಂಬ ಅಂಟನ್ನು ಬಿಸಿನೀರಿನಲ್ಲಿ ಕರಗಿಸಿ, ಬಿಳಿಮಣ್ಣಿನೊಡನೆ ಕಲಸಿ, ಗೋಡೆಗೆ ಮೂರು ಸಲ ಬಳಿಯಬೇಕು. ಅನಂತರವೇ ಚಿತ್ರಕಾರನು ಗೋಡೆಯ ಮುಂದೆ ಕುಳಿತು, ಬರೆಯಬೇಕಾದ ರೂಪವನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳಬೇಕು. ದೀಪದ ಕಾಡಿಗೆಯನ್ನು ಅನ್ನದ ಅಗುಳಿನೊಡನೆ ಅರೆದು ಹೊಸೆದ ಬತ್ತಿಯೇ ಅವನ ಸೀಸದ ಕಡ್ಡಿ. ಅದರಿಂದ ಮೊದಲ ರೂಪರೇಖೆ. ಬ್ರಹ್ಮಸೂತ್ರವೆಂಬ ನಡುಗೆರೆ, ಅದರ ಎರಡು ಬದಿಗೂ ಪಕ್ಷಸೂತ್ರಗಳು. ಮುಖ ನೇರವಾಗಿದೆಯೋ, ಅರೆವಾಸಿ ತಿರುಗಿದೆಯೋ ಎಂಬುದು ಈ ಸೂತ್ರಗಳ ನಡುವಣ ಅಂತರದಿಂದ ನಿರ್ಣಯವಾಗುತ್ತದೆ. ಕಾಡಿಗೆಯ ಗೆರೆ ಸರಿಕಂಡ ಮೇಲೆ ಕೆಮ್ಮಣ್ಣಿನ ಗೆರೆಯಿಂದ ಅದನ್ನು ಸ್ಥಿರಪಡಿಸುವುದು. ಬಣ್ಣ ತುಂಬುವುದು ಇದೆಲ್ಲ ಮುಗಿದ ಬಳಿಕ. ಕರುವಿನ ಕಿವಿಯ ಕೂದಲಿನಿಂದ ಮಾಡಿದ ದಪ್ಪ, ನಡು, ಸಣ್ಣ ಎಂಬ ಮೂರು ಬಗೆಯ ಕುಂಚಗಳೂ ಆಗಲೇ ಹೊರಬರುವುವು.

ಅನ್ನದ ಅಗುಳು, ದೀಪದ ಕಾಡಿಗೆ, ಕೆಮ್ಮಣ್ಣು: ಯಾವ ಬಡವನ ಮನೆಯಲ್ಲಿಯೂ ದೊರೆಯುವ ವಸ್ತುಗಳು. ಮೈಸೂರಿನ ಸಾಂಪ್ರದಾಯಿಕ ಚಿತ್ರಕಾರರು ಹುಣಿಸೆಯ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿ ಸುಟ್ಟು ಮಾಡಿಕೊಳ್ಳುತ್ತಿದ್ದ ಇದ್ದಿಲೂ ಇದೇ ಜಾತಿಯದು. ಈ ಗೆರೆಗಳ ಗುಣವೆಂದರೆ ಬಟ್ಟೆಯಿಂದ ತಟ್ಟಿದರೆ ಅಳಿಯುವುದು. ತಪ್ಪನ್ನು ತಿದ್ದಲು ಅವಕಾಶವಿರುವುದು ಅಲ್ಲಿ ಮಾತ್ರ.

ಕೈ ಹೀಗೆ ಸಿದ್ಧವಾದರೆ ಸಾಲದು, ತಿಳಿವೂ ಸಿದ್ಧವಾಗಬೇಕು. ಜಿನಾಲಯದ ಗೋಡೆಗೆ ಬರೆಯುವವನಿಗೆ ಈ ಎರಡನೆಯ ಸಿದ್ಧತೆ ಇನ್ನೂ ಕಠಿಣ. ಇಪ್ಪತ್ತನಾಲ್ವರು ತೀರ್ಥಂಕರರ ಮುಖಮುದ್ರೆ ಒಂದೇ. ಭೇದವಿರುವುದು ಲಾಂಛನ, ಯಕ್ಷ-ಯಕ್ಷಿ, ವರ್ಣಗಳಲ್ಲಿ. ದಿಗಂಬರ ಪರಂಪರೆಯಲ್ಲಿ ಚಂದ್ರಪ್ರಭ, ಪುಷ್ಪದಂತರು ಬಿಳುಪು. ಪದ್ಮಪ್ರಭ, ವಾಸುಪೂಜ್ಯರು ಕೆಂಪು. ಸುಪಾರ್ಶ್ವ, ಪಾರ್ಶ್ವರು ಹಸುರು. ಮುನಿಸುವ್ರತ, ನೇಮಿನಾಥರು ಶ್ಯಾಮ. ಉಳಿದ ಹದಿನಾರು ಜಿನರು ಸುವರ್ಣವರ್ಣದವರು. ಜಿನಮಾತೆ ಕಂಡ ಸ್ವಪ್ನಗಳು ದಿಗಂಬರರಲ್ಲಿ 16, ಶ್ವೇತಾಂಬರರಲ್ಲಿ 14. ಅಚ್ಚಿನ ಚಿತ್ರವೊಂದನ್ನು ಎದುರಿಗಿಟ್ಟುಕೊಂಡು ವಿಚಾರಿಸದೆ ಬರೆದವನು ನಮ್ಮ ಬಸದಿಯಲ್ಲಿ 14 ಸ್ವಪ್ನಗಳನ್ನು ಬರೆದುಬಿಟ್ಟರೆ, ಬಣ್ಣ ಎಷ್ಟೇ ಸೊಗಸಾಗಿದ್ದರೂ ಆ ಗೋಡೆ ಬೇರೆ ಪರಂಪರೆಯ ಮಾತನ್ನು ಆಡುತ್ತದೆ. ಸಮವಸರಣವನ್ನು ಬರೆಯುವವನಂತೂ ಅದರ ಪ್ರಾಕಾರ, ವೀಥಿ, ಭೂಮಿಗಳ ವಿನ್ಯಾಸವನ್ನು ಬಲ್ಲವರಿಂದ ಕೇಳಿಯೇ ತಿಳಿಯಬೇಕು.

ತಮಿಳುನಾಡಿನ ಸಿತ್ತನ್ನವಾಸಲಿನ ಗುಹಾಜಿನಾಲಯ ಇದಕ್ಕೆ ಉತ್ತಮ ನಿದರ್ಶನ. ಅಲ್ಲಿಯ ಮೇಲ್ಛಾವಣಿಯಲ್ಲಿ ತಾವರೆಗೊಳವೊಂದಿದೆ. ಮೀನು, ಹಂಸ, ಆನೆ, ಎಮ್ಮೆಗಳ ನಡುವೆ ಹೂ ಕೊಯ್ಯುವ ತರುಣರನ್ನು ಸಾಮಾನ್ಯ ಪ್ರೇಕ್ಷಕನು ಜಲಕ್ರೀಡೆಯೆಂದು ತಿಳಿದಾನು. ಆಗಮ ಬಲ್ಲವರು ಅದನ್ನು ಸಮವಸರಣದ ಖಾತಿಕಾಭೂಮಿಯೆಂದು, ಹೂ ಕೊಯ್ಯುವವರನ್ನು ಭವ್ಯರೆಂದು ಗುರುತಿಸಿದರು. ಅದನ್ನು ಬರೆದವನೂ ಬಲ್ಲವನೇ ಆಗಿರಬೇಕಷ್ಟೆ. ರಾಷ್ಟ್ರಕೂಟರ ಕಾಲದ ಎಲ್ಲೋರದ ಇಂದ್ರಸಭೆಯ ಛಾವಣಿಯಲ್ಲಿ ಮೋಡಗಳ ನಡುವೆ ಹಾರುವ ದೇವಗಣಗಳುಂಟು. ಕಂಚಿಯ ಬಳಿಯ ತಿರುಪ್ಪರುತ್ತಿಕುನ್ರದಲ್ಲಿ ವಿಜಯನಗರದ ಜೈನ ದಂಡನಾಥ ಇರುಗಪ್ಪನು ಕಟ್ಟಿಸಿದ ಸಂಗೀತಮಂಟಪದ ಛಾವಣಿಯಲ್ಲಿ ಋಷಭ, ನೇಮಿ, ವರ್ಧಮಾನರ ಚರಿತ್ರೆಗಳು ಪಟ್ಟಿಕೆಗಳಾಗಿ ಸಾಗುತ್ತವೆ. ಇವನೇ ಹಂಪೆಯಲ್ಲಿ ಕುಂಥುಜಿನನಾಥ ಚೈತ್ಯಾಲಯವನ್ನು ಕಟ್ಟಿಸಿದವನು.

ಇಷ್ಟೆಲ್ಲ ಇದ್ದರೂ ಚಾಲುಕ್ಯ, ಹೊಯ್ಸಳರ ಕಾಲದ ನಮ್ಮ ಬಸದಿಗಳ ಗೋಡೆಗಳಲ್ಲಿ ಚಿತ್ರಗಳು ಹೇಗಿದ್ದುವೆಂದು ಕೇಳಿದರೆ, ಉತ್ತರಕ್ಕಾಗಿ ನಾವು ಗೋಡೆಗಳನ್ನು ಬಿಟ್ಟು ತಾಳೆಗರಿಗಳ ಬಳಿಗೆ ಹೋಗಬೇಕಾಗುತ್ತದೆ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಸುರಕ್ಷಿತವಾಗಿದ್ದ ಧವಲಾದಿ ಸಿದ್ಧಾಂತಗ್ರಂಥಗಳ ಗರಿಗಳಲ್ಲಿ, 12ನೆಯ ಶತಮಾನದ ಆದಿಭಾಗದ ಬಣ್ಣದ ಚಿತ್ರಗಳಿವೆ. ಜಿನರು, ಶ್ರುತದೇವಿ, ಬಾಹುಬಲಿ, ಮಾವಿನ ಮರದಡಿಯ ಅಂಬಿಕೆ: ಅಂಗೈಯಗಲಕ್ಕಿಂತ ಕಿರಿದಾದ ಜಾಗದಲ್ಲಿ ಹೊಯ್ಸಳಶಿಲ್ಪದ ಒಡವೆ, ನಿಲುವುಗಳೆಲ್ಲ ಬಣ್ಣಗೊಂಡು ಮೂಡಿವೆ. ಗೋಡೆಗೆ ಬರೆಯುತ್ತಿದ್ದ ಪರಂಪರೆಯ ಕೈಗಳೇ ಇವನ್ನೂ ಬರೆದಿರಬೇಕೆಂದು ಊಹಿಸಲು ಅವಕಾಶವುಂಟು.

ಆ ಗರಿಗಳು ಉಳಿದುದಾದರೂ ಏಕೆ? ನಮ್ಮ ಸಮಾಜ ಅಕ್ಷರವನ್ನು ಕಾಪಾಡಿಕೊಳ್ಳಬಲ್ಲುದಾಗಿತ್ತು. ಶಾಸ್ತ್ರದಾನವೆಂಬುದು ನಮ್ಮಲ್ಲಿ ದೊಡ್ಡ ಪುಣ್ಯ. ಲಕ್ಕುಂಡಿಯಲ್ಲಿ 1007ರಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆ, ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ಮಕ್ಕಳೂ ಬಲ್ಲರು. ಮೂಡುಬಿದಿರೆಯ ಧವಲಾ ಗ್ರಂಥಗಳಿಗೂ ಇಂಥ ಭಾಗ್ಯ ಒದಗಿತು. ಸೊಲ್ಲಾಪುರದ ಸೇಠ್ ಹೀರಾಚಂದ ನೇಮಚಂದರ ಪ್ರಯತ್ನದಿಂದ 19ನೆಯ ಶತಮಾನದ ಕೊನೆಯಲ್ಲಿ ಪ್ರತಿ ತೆಗೆಯುವ ಕಾರ್ಯ ತೊಡಗಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಗಜಪತಿ ಉಪಾಧ್ಯಾಯರೂ ಅದಕ್ಕೆ ಕೈಯಿಕ್ಕಿದರು. ಇಪ್ಪತ್ತಕ್ಕೂ ಹೆಚ್ಚು ವರ್ಷ ನಡೆದ ಆ ಶ್ರಮದ ಫಲವಾಗಿ, 1939ರಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾ ಅಚ್ಚಾಗಿ ಹೊರಬಂದಿತು. ಆದರೆ ಅಂದಿನ ಶ್ರಮವೆಲ್ಲ ಅಕ್ಷರಕ್ಕೆ ಮೀಸಲು. ಅದೇ ಗರಿಗಳ ಚಿತ್ರಗಳನ್ನು ಕಲಾಚರಿತ್ರಕಾರರು ಸಾವಕಾಶವಾಗಿ ಗಮನಿಸಿದುದು ಎಷ್ಟೋ ವರ್ಷಗಳ ಅನಂತರ. ಪುರಾಣದ ಸಾವಿರ ಪ್ರತಿ ಮಾಡಿದ ಸಮಾಜಕ್ಕೆ, ಬಸದಿಯ ಗೋಡೆಯ ಒಂದು ಪ್ರತಿಯನ್ನಾದರೂ ಮಾಡಿಡಬೇಕೆಂದು ತೋರಲಿಲ್ಲವಲ್ಲ ಎಂದು ಖೇದವಾಗುತ್ತದೆ.

ಪ್ರತಿಯೊಂದಿದ್ದರೆ ಸಾಕೇ ಎಂದರೆ ಅದೂ ಹೇಳಲಾಗದು. ಅಜಂತೆಯ ಚಿತ್ರಗಳನ್ನು ರಾಬರ್ಟ್ ಗಿಲ್ ಎಂಬ ಸೇನಾಧಿಕಾರಿ ವರ್ಷಾನುವರ್ಷ ಕುಳಿತು ಬರೆದುಕೊಂಡ ಪ್ರತಿಗಳು ಇಂಗ್ಲೆಂಡಿನಲ್ಲಿ 1866ರ ಬೆಂಕಿಯಲ್ಲಿ ಬಹುಮಟ್ಟಿಗೆ ಭಸ್ಮವಾದವು. ಮುಂಬಯಿ ಕಲಾಶಾಲೆಯ ಗ್ರಿಫಿತ್ಸರು ಶಿಷ್ಯರೊಡನೆ ತೆಗೆದ ಪ್ರತಿಗಳಲ್ಲಿ ಅನೇಕವು 1885ರಲ್ಲಿ ಅದೇ ಗತಿ ಕಂಡವು. ಮೂರನೆಯ ಸಲ ಲೇಡಿ ಹೆರಿಂಗ್‌ಹ್ಯಾಮ್ ಬಂದಾಗ ನಂದಲಾಲ ಬೋಸ್, ಅಸಿತಕುಮಾರ ಹಾಲದಾರ್ ಮುಂತಾದವರೊಡನೆ ಅಜಂತೆಯ ಗುಹೆಗಳಲ್ಲಿ ಕೆಲಸ ಮಾಡಿದ ತರುಣರಲ್ಲಿ ಮೈಸೂರಿನ ಕೆ. ವೆಂಕಟಪ್ಪನವರೂ ಒಬ್ಬರು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದ ಅವರೇ ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರು ಅರಮನೆಯ ಅಂಬಾವಿಲಾಸಕ್ಕಾಗಿ ಗಾರೆಯ ಉಬ್ಬುಚಿತ್ರಗಳನ್ನು ರಚಿಸಿದರು. 1940ರಲ್ಲಿ ಒಡೆಯರು ತೀರಿಕೊಂಡ ಮೇಲೆ ಆ ಯೋಜನೆ ನಿಂತುಹೋಯಿತು.

ಮೈಸೂರಿನ ಮಾತು ಬಂದುದರಿಂದ ಅದಕ್ಕೂ ಹಿಂದಣ ಒಂದು ಗೋಡೆಯನ್ನು ನೆನೆಯಬೇಕು. ಶ್ರವಣಬೆಳಗೊಳದ ಜೈನಮಠದ ಭಿತ್ತಿಚಿತ್ರಗಳನ್ನು ಯಾತ್ರಿಕರೆಲ್ಲ ಕಂಡಿರುತ್ತಾರೆ, ನಿಂತು ನೋಡಿದವರು ಕಡಿಮೆ. ಪಂಚಪರಮೇಷ್ಠಿಗಳು, ಯಕ್ಷ-ಯಕ್ಷಿಯರೊಡನೆ ನೇಮಿನಾಥ, ಶಿಷ್ಯರಿಗೆ ಧರ್ಮೋಪದೇಶ ಮಾಡುತ್ತಿರುವ ಮಠದ ಸ್ವಾಮಿಗಳು ಒಂದೆಡೆ. ಪಾರ್ಶ್ವನಾಥನ ಚರಿತೆ ಒಂದು ಗೋಡೆಯಲ್ಲಿ, ಭರತ ಚಕ್ರವರ್ತಿಯ ಚರಿತೆ ಇನ್ನೊಂದರಲ್ಲಿ. ಅವುಗಳ ನಡುವೆಯೇ ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರು! ಪುರಾಣಕ್ಕೆ ಗ್ರಂಥದ ಆಧಾರವಿದ್ದಂತೆ, ದರ್ಬಾರಿಗೆ ಕಣ್ಣಿನ ಆಧಾರ ಬೇಕು. ಯಾರು ಎಲ್ಲಿ ನಿಲ್ಲುತ್ತಾರೆ, ಪೇಟವನ್ನು ಹೇಗೆ ಸುತ್ತುತ್ತಾರೆ ಎಂಬುದನ್ನು ಚಿತ್ರಕಾರನು ನೋಡಿಯಾದರೂ ಕೇಳಿಯಾದರೂ ತಿಳಿದಿರಬೇಕು. ಅಲ್ಲಿಯೇ ಷಡ್ಲೇಶ್ಯೆಗಳ ವೃಕ್ಷವೂ ಇದೆ. ಹಣ್ಣಿಗಾಗಿ ಮರವನ್ನು ಬುಡಸಹಿತ ಕಡಿಯ ಹೊರಟ ಕೃಷ್ಣಲೇಶ್ಯೆಯವನಿಂದ ಹಿಡಿದು, ನೆಲಕ್ಕೆ ಉದುರಿದ ಹಣ್ಣನ್ನೇ ಆರಿಸಿಕೊಳ್ಳುವ ಶುಕ್ಲಲೇಶ್ಯೆಯವನವರೆಗೆ ಆರು ಜನ ಒಂದೇ ಮರದ ಸುತ್ತ ನಿಂತಿದ್ದಾರೆ. ಪುಟಗಟ್ಟಲೆ ವ್ಯಾಖ್ಯಾನಿಸಬೇಕಾದ ಸಿದ್ಧಾಂತವನ್ನು ಓದುಬರಹವಿಲ್ಲದ ಯಾತ್ರಿಕನೂ ಒಂದು ನೋಟದಲ್ಲಿ ಗ್ರಹಿಸುವಂತೆ ಮಾಡಿದ ಆ ವಿನ್ಯಾಸ ಬಲು ಜಾಣತನದ್ದು.

ಮಠದ ಗೋಡೆಯ ಮೇಲಿನ ದಸರೆ ಒಂದು ಪಟ್ಟಿಕೆಯದು. ಅದೇ ದಸರೆ ಮುಂದೆ ಮೈಸೂರು ಅರಮನೆಯ ಕಲ್ಯಾಣಮಂಟಪದಲ್ಲಿ 26 ಪಟಗಳಾಗಿ ಬೆಳೆಯಿತು. 1897ರಲ್ಲಿ ಮರದ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ ಹೆನ್ರಿ ಇರ್ವಿನ್ನನ ನಕ್ಷೆಯಂತೆ ಎದ್ದು, 1912ರಲ್ಲಿ ಪೂರ್ಣಗೊಂಡ ಕಟ್ಟಡವದು. ಅದರ ಕಲ್ಯಾಣಮಂಟಪದ ಗೋಡೆಗಳಿಗೆ 1930 ಮತ್ತು 40ರ ದಶಕಗಳಲ್ಲಿ ಕೇಶವಯ್ಯ, ವೈ. ನಾಗರಾಜು, ವೈ. ಸುಬ್ರಹ್ಮಣ್ಯರಾಜು, ಎಸ್.ಎನ್. ಸ್ವಾಮಿ, ಎಸ್. ಶಂಕರರಾಜು ಮೊದಲಾದ ಮೈಸೂರಿನ ಕಲಾವಿದರು ದಸರಾ ಮೆರವಣಿಗೆಯ ದೃಶ್ಯಗಳನ್ನು ತೈಲವರ್ಣದಲ್ಲಿ ಬರೆದರು. ಆನೆಯ ಅಂಬಾರಿ, ಕುದುರೆಯ ದಳ, ವಾದ್ಯದವರು, ಬೀದಿಯ ಇಕ್ಕೆಲಗಳ ಜನಸ್ತೋಮ ಮಂಟಪವನ್ನು ಸುತ್ತುವರಿದು ಸಾಗುತ್ತವೆ.

ಈ ಪಟಗಳ ವಿಶೇಷವಿರುವುದು ಅವುಗಳ ಪೂರ್ವಸಿದ್ಧತೆಯಲ್ಲಿ. ನಿಜವಾಗಿ ನಡೆದ ಮೆರವಣಿಗೆಗಳ ಛಾಯಾಚಿತ್ರಗಳೇ ಇವಕ್ಕೆ ಆಧಾರ. ಆದುದರಿಂದಲೇ ಇಲ್ಲಿಯ ಮುಖಗಳು ಕಲ್ಪಿತ ಮುಖಗಳಲ್ಲ. ಅಂದಿನ ಮೈಸೂರಿಗರು ತಮ್ಮ ಪರಿಚಿತರನ್ನು ಗುರುತಿಸಬಹುದಾದಂಥ ಮುಖಗಳು. ಛಾಯಾಚಿತ್ರವಿದ್ದ ಮೇಲೆ ಕಲಾವಿದನಿಗೆ ಏನು ಶ್ರಮ ಎಂದು ಕೇಳುವವರುಂಟು. ಅಂದಿನ ಛಾಯಾಚಿತ್ರ ಕಪ್ಪು-ಬಿಳುಪಿನದು. ಆನೆಯ ಜೂಲು ಯಾವ ಬಣ್ಣದ್ದು, ದಳದವರ ಸಮವಸ್ತ್ರದ ಅಂಚು ಎಂಥದು, ಸಂಜೆಯ ಬಿಸಿಲು ಬೀದಿಯ ಯಾವ ಮಗ್ಗುಲಿಗೆ ಬೀಳುತ್ತದೆ, ಇವನ್ನು ಛಾಯಾಚಿತ್ರ ಹೇಳುವುದಿಲ್ಲ. ಅದು ಹಿಡಿದುದು ಒಂದು ಕ್ಷಣವನ್ನು ಮತ್ತು ಬೀದಿಯ ಒಂದು ತುಂಡನ್ನು. ಆ ತುಂಡುಗಳನ್ನು ಜೋಡಿಸಿ, ಒಂದು ಪಟದಿಂದ ಇನ್ನೊಂದಕ್ಕೆ ಮೆರವಣಿಗೆ ಕಡಿಯದೆ ಹರಿಯುವಂತೆ ವಿನ್ಯಾಸಗೊಳಿಸುವುದು ಕಲಾವಿದನ ಪಾಲಿನ ಕೆಲಸ. ಚಿಕ್ಕ ಕರಡಿನ ಮೇಲೆ ಚೌಕಳಿ ಎಳೆದು, ದೊಡ್ಡ ಪಟದ ಮೇಲೂ ಅಷ್ಟೇ ಸಂಖ್ಯೆಯ ಚೌಕಗಳನ್ನು ಹಾಕಿ, ಒಂದೊಂದು ಚೌಕದ ಗೆರೆಯನ್ನೇ ಹಿಗ್ಗಿಸುತ್ತ ಹೋಗುವುದು ಇಂಥ ಕೆಲಸಕ್ಕೆ ಎಲ್ಲೆಡೆಯೂ ಬಳಕೆಯಲ್ಲಿರುವ ಕ್ರಮ. ಸೋಮೇಶ್ವರನ ಬ್ರಹ್ಮಸೂತ್ರ, ಪಕ್ಷಸೂತ್ರಗಳಿಗೂ ಈ ಚೌಕಳಿಗೂ ನಂಟು ದೂರದ್ದಲ್ಲ.

ಇಂಥ ಆಧಾರಗಳಿಗೆ ಇರುವ ಬೆಲೆ ತಿಳಿಯುವುದು ಗೋಡೆ ಕೆಟ್ಟಾಗ. ಅರಮನೆಯ ಪಟ ಮಾಸಿದರೆ ಕೊರತೆಯನ್ನು ತುಂಬಿಕೊಳ್ಳಲು ಛಾಯಾಚಿತ್ರದ ಸಾಕ್ಷ್ಯವಿದ್ದೀತು. ಹಳ್ಳಿಯ ಬಸದಿಯ ಗರ್ಭಗೃಹದ ಬಾಗಿಲ ಮೇಲಣ ಗಜಲಕ್ಷ್ಮಿ, ನವರಂಗದ ಛಾವಣಿಯ ತಾವರೆ, ಗೋಡೆಯ ಮೇಲಣ ಮಾಸಿದ ಸ್ವಪ್ನಾವಳಿ, ಇವಕ್ಕೆ ಅಂಥ ಸಾಕ್ಷ್ಯ ಏನೂ ಇಲ್ಲ. ಜೀರ್ಣೋದ್ಧಾರದ ಉತ್ಸಾಹದಲ್ಲಿ, ಪಂಚಕಲ್ಯಾಣದ ದಿನ ಹತ್ತಿರವಾದಂತೆ, ಎಲ್ಲಕ್ಕೂ ಒಂದೇ ಸಲ ಸುಣ್ಣ ಹೊಡೆಯುವುದು ನಮ್ಮಲ್ಲಿ ರೂಢಿ. ಭಕ್ತಿಯಿಂದಲೇ ಮಾಡುವ ಕೆಲಸವಾದ್ದರಿಂದ ಬೇಡವೆನ್ನಲು ಯಾರಿಗೂ ಬಾಯಿ ಬರುವುದಿಲ್ಲ. ತಂಜಾವೂರಿನ ಬೃಹದೀಶ್ವರಾಲಯದಲ್ಲಿ ನಾಯಕರ ಕಾಲದ ಚಿತ್ರಗಳ ಪದರದ ಕೆಳಗೆ ಚೋಳರ ಚಿತ್ರಗಳು ಹುದುಗಿದ್ದುದನ್ನು ಎಸ್.ಕೆ. ಗೋವಿಂದಸ್ವಾಮಿಗಳು 1931ರಲ್ಲಿ ಪತ್ತೆಹಚ್ಚಿದರು. ಮೇಲಿನ ಪದರವೇ ಕೆಳಗಿನದನ್ನು ನಮ್ಮ ಕಾಲದವರೆಗೆ ದಾಟಿಸಿತೆಂಬುದು ನಿಜ. ಸುಣ್ಣದ ಕೆಳಗೂ ಹಾಗೆಯೇ ಉಳಿದಿರಬಹುದು. ಆದರೆ ಈಗ ಸುಣ್ಣಕ್ಕೆ ಮುನ್ನ ಗೋಡೆಯನ್ನು ಕೆರೆದು ಒರೆಸುವ ಪದ್ಧತಿ ಬಂದಿರುವುದರಿಂದ ಆ ಆಸೆಯೂ ದುರ್ಬಲ. ಕೆರೆಯುವ ಮೊದಲು ಒಂದು ತೆಳುಗಾಗದ, ಒಂದು ಅಳತೆಪಟ್ಟಿ, ಬಣ್ಣದ ಹೆಸರು ಗುರುತು ಹಾಕಿಕೊಳ್ಳುವ ಒಬ್ಬ ತಾಳ್ಮೆಯ ಮನುಷ್ಯ, ಜೊತೆಗೆ ನಾಲ್ಕು ಛಾಯಾಚಿತ್ರ. ಇದಕ್ಕೆ ತಗಲುವ ವೆಚ್ಚ ಒಂದು ಹೊತ್ತಿನ ಸಂತರ್ಪಣೆಯದಕ್ಕಿಂತ ಹೆಚ್ಚಲ್ಲ. ಹಾಗೆ ತೆಗೆದ ರೇಖೆಗಳು ಗ್ರಂಥಭಂಡಾರದಲ್ಲಿ ತಾಳೆಗರಿಗಳ ಪಕ್ಕದಲ್ಲಿ ಕುಳಿತರೆ, ಮುಂದೊಮ್ಮೆ ಅದೇ ಗೋಡೆಗೆ ಬರೆಯಬಂದವನಿಗೆ ಕ್ಯಾಲೆಂಡರಿನ ಚಿತ್ರವನ್ನು ಹುಡುಕುವ ಗತಿ ಬಾರದು.

ನಮ್ಮ ಆದಿಪುರಾಣದಲ್ಲಿಯೇ ಇಂಥ ಒಂದು ಚಿತ್ರದ ಕಥೆಯಿದೆ. ಜಿನಸೇನಾಚಾರ್ಯರು ಸಂಸ್ಕೃತದಲ್ಲಿಯೂ, ಪಂಪನು 942ರ ಸುಮಾರಿಗೆ ಕನ್ನಡದಲ್ಲಿಯೂ ಅದನ್ನು ಹೇಳಿದ್ದಾರೆ. ಪೂರ್ವಜನ್ಮದ ಪತಿ ಲಲಿತಾಂಗದೇವನ ಸ್ಮರಣೆಯಿಂದ ಕೊರಗುತ್ತಿದ್ದ ಶ್ರೀಮತಿ, ತಾವಿಬ್ಬರೂ ಸ್ವರ್ಗದಲ್ಲಿ ಕಳೆದ ದಿನಗಳನ್ನು ಒಂದು ಪಟದಲ್ಲಿ ಬರೆದಳು. ಅವಳ ಪಂಡಿತೆಯೆಂಬ ದಾದಿ ಅದನ್ನು ಒಯ್ದು ಜನರೆಲ್ಲ ಬಂದುಹೋಗುವ ಜಿನಾಲಯದಲ್ಲಿ ಹರಡಿದಳು. ಕಂಡವರು ಮೆಚ್ಚಿದರು, ಆ ಲಲಿತಾಂಗನು ತಾನೇ ಎಂದು ಕಪಟದಿಂದ ಹೇಳಬಂದವರೂ ಇದ್ದರು, ದಾದಿ ಕೇಳಿದ ಪ್ರಶ್ನೆಗೆ ಉತ್ತರ ಬಾರದೆ ಹಿಂದಿರುಗಿದರು. ಕೊನೆಗೆ ವಜ್ರಜಂಘನು ಬಂದು ಪಟದ ಮುಂದೆ ನಿಂತನು. ಅದರಲ್ಲಿ ಬರೆದುದೇನೆಂಬುದನ್ನು ಹೇಳಿ, ಬರೆಯದೆ ಬಿಟ್ಟುದೇನೆಂಬುದನ್ನೂ ಹೇಳಿದನು.